ಭಾವನ ಹತ್ತು ನಿಮಿಷದ ತಿಂಡಿ

ಇದನ್ನು ಬರೆಯಲು ನಾನು ಕೂತದ್ದು ಇದು ಮೊದಲ ಸಲವಲ್ಲ. ಒಂದು ಸಲ ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಒಂದು ಸಲ ಕನ್ನಡಕ ಸಿಗಲಿಲ್ಲ. ಇನ್ನೊಂದು ಸಲ ಎರಡೂ ಇದ್ದವು, ಮನೆಗೆ ನೆಂಟರು ಬಂದರು. ಹೀಗೆ ಮುಂದಕ್ಕೆ ಹಾಕುತ್ತಾ ಹಾಕುತ್ತಾ ನಾನೇ ಮುದುಕನಾದೆ. ಇವತ್ತು ನೆಂಟರೂ ಇಲ್ಲ, ನೆಪವೂ ಇಲ್ಲ. ಹೇಳಿಬಿಡುತ್ತೇನೆ: ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ, ಮಂಡ್ಯ ಜಿಲ್ಲೆಯ ನೀರನ್ನೇ ಕುಡಿದು, ಗಂಟಲು ನೆಟ್ಟಗಿದ್ದೂ ರಾಗಿಮುದ್ದೆ ಬಿಟ್ಟ ಮೊದಲ ಗಂಡಸು ನಮ್ಮ ಭಾವ!

ಭಾವ ಎಂದರೆ ನನ್ನ ಅಕ್ಕನ ಗಂಡ. ಶಿವನಸಮುದ್ರದ ಕರೆಂಟು ಮಾಡುವ ಮನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಮೀಟರುಗಳ ಮುಂದೆ ಕೂತು, ಗಂಟೆಗೊಂದು ಸಲ ಮುಳ್ಳು ಎಲ್ಲಿದೆ ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ನಿವೃತ್ತಿಯಾಗಿ ಮಳವಳ್ಳಿಗೆ ಬಂದು ಮನೆ ಮಾಡಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಮುಳ್ಳು ಎಲ್ಲಿಂದ ತರಬೇಕು? ಹಂಡೆ ನೀರು ಕಾಯಲು ಎಷ್ಟು ನಿಮಿಷ, ಹಾಲಿನವನು ಎಷ್ಟು ಗಂಟೆಗೆ ಬಂದ, ಅಕ್ಕ ದಿನಕ್ಕೆ ಎಷ್ಟು ಸಲ ಗೊಣಗಿದಳು ಎಂದು ಬರೆದಿಡುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮಳವಳ್ಳಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಮಕ್ಕಳು ಮದ್ದೂರಿನಲ್ಲಿ. ವಾರವೆಲ್ಲ ಅಕ್ಕನ ಮನೆಯಲ್ಲಿ ಉಂಡು, ಶನಿವಾರ ಸಂಜೆ ಮದ್ದೂರಿನ ಬಸ್ಸು ಹತ್ತುತ್ತಿದ್ದೆ. ಅಕ್ಕನ ಕೈಯ ಮುದ್ದೆ, ಬಸ್ಸಾರು ತಿಂದು ಎರಡು ಸುತ್ತು ದಪ್ಪನಾಗಿದ್ದೆ. ಆ ಸುಖಕ್ಕೆ ಕಲ್ಲು ಬಿದ್ದದ್ದು ಭಾವನ ಮೂತ್ರಕ್ಕೆ ಇರುವೆ ಮುತ್ತಿದ ದಿನ.

ಮಂಡ್ಯದ ಡಾಕ್ಟರು ಪರೀಕ್ಷೆ ಮಾಡಿ, "ಸಕ್ಕರೆ ಕಾಯಿಲೆ. ಅನ್ನ, ರಾಗಿ ಕಡಿಮೆ ಮಾಡಿ, ಬೆಲ್ಲ, ಸಕ್ಕರೆ ಮುಟ್ಟಬೇಡಿ. ಕಾಳು, ಸೊಪ್ಪು, ಮೊಟ್ಟೆ, ಮಜ್ಜಿಗೆ ತಗೊಳ್ಳಿ" ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಕಡಿಮೆ ಎಂಬ ಮಾತು ಭಾವನ ಕಿವಿಗೆ ಬೀಳಲೇ ಇಲ್ಲ. ಅವರ ಲೆಕ್ಕದಲ್ಲಿ ಸ್ವಿಚ್ಚು ಮೇಲಿರಬೇಕು, ಇಲ್ಲ ಕೆಳಗಿರಬೇಕು. ನಡುವೆ ನಿಲ್ಲುವ ಸ್ವಿಚ್ಚು ಉಂಟೆ? ಮನೆಗೆ ಬಂದವರೇ ರಾಗಿಹಿಟ್ಟಿನ ಡಬ್ಬ, ಅಕ್ಕಿಯ ಡ್ರಮ್ಮು, ಬೆಲ್ಲದ ಅಚ್ಚು, ಕೊನೆಗೆ ಮುದ್ದೆ ತಿರುವುವ ಕೋಲನ್ನೂ ಪಕ್ಕದ ಮನೆಗೆ ಸಾಗಿಸಿದರು.

ಅಕ್ಕ ಬಾಗಿಲಲ್ಲಿ ನಿಂತು, "ಅಯ್ಯೋ, ಮುದ್ದೆ ಇಲ್ದೆ ಆಳು ನೆಟ್ಟಗೆ ನಿಂತ್ಕತ್ತದಾ? ಗೋಡೆಗೆ ಒರಗ್ಸಿ ಇಡ್ಬೇಕಾಯ್ತದೆ!" ಎಂದಳು.

"ಗೋಡೆ ಗಟ್ಟಿಗದೆ ಬುಡು" ಎಂದರು ಭಾವ.

ಮರುದಿನದಿಂದ ಅಡುಗೆಮನೆ ಅವರ ಕೈಗೆ ಬಂತು. ಪಂಪ್ ಸ್ಟೌವಿನ ಪಕ್ಕದಲ್ಲಿ ಅಲಾರಂ ಗಡಿಯಾರ. ತಿಂಡಿ ಹತ್ತು ನಿಮಿಷದಲ್ಲಿ ಆಗಬೇಕು. ಹನ್ನೊಂದನೆಯ ನಿಮಿಷಕ್ಕೆ ಬೆಂದದ್ದು ಅವರ ಪ್ರಕಾರ ತಿಂಡಿಯೇ ಅಲ್ಲ. ಸೋಮವಾರ ಮೊಳಕೆ ಬಂದ ಹೆಸರುಕಾಳಿಗೆ ಕಾಯಿತುರಿ, ನಿಂಬೆಹುಳಿ. ಮಂಗಳವಾರ ಸೊಪ್ಪು ಹೆಚ್ಚಿ ಹಾಕಿ ಹುರಿದ ಮೊಟ್ಟೆ. ಬುಧವಾರ ಮಜ್ಜಿಗೆಯಲ್ಲಿ ನೆನೆಸಿದ ಮೆಂತ್ಯ. ಅದನ್ನು ತಿಂದು ನಾನು ಕಚೇರಿಗೆ ಹೋದರೆ ಅರ್ಜಿ ಹಿಡಿದು ಬಂದವರು ನನ್ನ ಮುಖ ನೋಡಿಯೇ ವಾಪಸ್ಸು ಹೋಗುತ್ತಿದ್ದರು. ಗುರುವಾರ ಉಪ್ಪಿಟ್ಟು.

ಉಪ್ಪಿಟ್ಟು ಎಂದು ಕೇಳಿ ಮೊದಲ ಗುರುವಾರ ನಾನು ಓಡಿಬಂದೆ. ತಟ್ಟೆಯಲ್ಲಿ ಸಾಸಿವೆ ಇತ್ತು, ಕರಿಬೇವಿತ್ತು, ಉದ್ದಿನಬೇಳೆ ಇತ್ತು. ರವೆ ಇರಬೇಕಾದ ಜಾಗದಲ್ಲಿ ಸಣ್ಣಗೆ ಕೊಚ್ಚಿದ ಎಲೆಕೋಸು!

"ರವೆ ಎಲ್ಲಿ ಬಾವ?"

"ಅದೇ ಇದರ ವಿಶೇಷ. ಒಂಬತ್ತು ನಿಮಿಷ ಆಯ್ತು, ನೋಡು."

"ಅಕ್ಕ, ಇದು ಉಪ್ಪಿಟ್ಟೇನೆ?"

"ಉಪ್ಪದೆ, ಇಟ್ಟಿಲ್ಲ. ತಿನ್ಲಾ ಸುಮ್ನೆ" ಎಂದಳು ಅಕ್ಕ. ಅವಳ ತಟ್ಟೆಯಲ್ಲೂ ಅದೇ ಎಲೆಕೋಸು. ಕಾಯಿಲೆ ಅವಳಿಗಿರಲಿಲ್ಲ. ಆದರೂ ಗಂಡ ಬಿಟ್ಟದ್ದನ್ನು ಅವಳು ಬಾಯಿಗಿಡಲಿಲ್ಲ.

ಮನೆಯೊಳಗಿನ ಹುಚ್ಚು ಮನೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಹಲಗೂರಿನಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಕೂತ ಭಾವ, ಅನ್ನ ತಂದವನನ್ನು ಕೈ ಅಡ್ಡ ಹಿಡಿದು ಕಳಿಸಿದರು. ಪಾಯಸದವನನ್ನು ಕಣ್ಣಿನಲ್ಲೇ ಕಳಿಸಿದರು. ಕೋಸಂಬರಿಯವನನ್ನು ಮಾತ್ರ ಐದು ಸಲ ಕರೆದರು. ಎಲೆಯ ತುಂಬ ಕೋಸಂಬರಿ, ಅದರ ಮೇಲೆ ಹುರುಳಿಕಾಯಿ ಪಲ್ಯ. ಬಡಿಸುವವನು ಬೇಸತ್ತು ಕೇಳಿಯೇಬಿಟ್ಟ:

"ಯಜಮಾನ್ರೇ, ತಾವು ಗಂಡಿನ ಕಡೆಯೋರಾ, ಎಣ್ಣಿನ ಕಡೆಯೋರಾ, ದನದ ಕಡೆಯೋರಾ?"

ಪಂಕ್ತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಭಾವ ಮಾತ್ರ ನಿಧಾನವಾಗಿ ಅಗಿಯುತ್ತಾ, ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು: "ಹಲಗೂರು. ಕೋಸಂಬರಿ ಐದು ಸೌಟು. ಉಪ್ಪು ಹೆಚ್ಚು."

ಇನ್ನು ಪರೀಕ್ಷೆಯ ವಿಚಾರ. ಈಗಿನ ಹಾಗೆ ಬೆರಳಿಗೆ ಚುಚ್ಚಿ ನೋಡುವ ಮಿಷನ್ನು ಆಗ ಎಲ್ಲಿತ್ತು? ಗಾಜಿನ ನಳಿಕೆಯಲ್ಲಿ ನೀಲಿ ಔಷಧಿ ಹಾಕಿ, ಎಂಟು ತೊಟ್ಟು ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆಯ ಕೆಂಪಾದರೆ ದೇವರೇ ಗತಿ. ಭಾವ ದಿನಾ ಬೆಳಿಗ್ಗೆ ಎದ್ದು, ಮೂತ್ರವನ್ನು ಹಳೆಯ ಔಷಧಿ ಸೀಸೆಯಲ್ಲಿ ಹಿಡಿದು ಬಚ್ಚಲಮನೆಯ ಕಟ್ಟೆಯ ಮೇಲಿಟ್ಟು, ಕೆರೆಯ ತನಕ ನಡೆದುಹೋಗಿ ಬಂದು ಪರೀಕ್ಷೆಗೆ ಕೂರುತ್ತಿದ್ದರು. ಅಕ್ಕ ಬಾಗಿಲ ಹೊರಗೆ ನಿಂತಿರುತ್ತಿದ್ದಳು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಹಾಗೆ.

"ಏನ್ ಬತ್ತು?"

"ಹಳದಿ."

"ನೆನ್ನೆಗಿಂತ ವಸಿ ತೆಳುವಾಗದಾ?"

"ತೆಳು ಗಿಳು ಇಲ್ಲ. ಹಳದಿ ಅಂದ್ರೆ ಹಳದಿ."

ಕೆಂಪು ಹಳದಿಯಾಗಲು ಎರಡು ತಿಂಗಳು, ಹಳದಿ ಹಸಿರಾಗಲು ಮತ್ತೆ ಎರಡು ತಿಂಗಳು. ಕುಚೋದ್ಯ ಪಕ್ಕಕ್ಕಿರಲಿ, ಆ ಎಲೆಕೋಸು, ಆ ಮೆಂತ್ಯ ಕೆಲಸ ಮಾಡುತ್ತಿದ್ದವು. ಭಾವ ಅಕ್ಕನಿಗೆ ಮಾತು ಕೊಟ್ಟಿದ್ದರು: "ನೀಲಿ ಬಂದ ದಿವಸ ನಿನ್ ಕೈಲಿ ಮುದ್ದೆ ಇಕ್ಕಿಸ್ಕಂಡು ಉಣ್ತೀನಿ." ಅಕ್ಕ ಆ ದಿನಕ್ಕಾಗಿ ಪಕ್ಕದ ಮನೆಗೆ ಹೋಗಿ, ಮುದ್ದೆಕೋಲನ್ನು ತೊಳೆದು ಒರೆಸಿಟ್ಟು ಬರುತ್ತಿದ್ದಳು. ಕೋಲು ಬಂದರೆ ಭಾವನ ಸಿಟ್ಟು, ಬರದಿದ್ದರೆ ಅವಳ ಸಂಕಟ.

ಹಸಿರು ಹಸಿರಾಗಿಯೇ ನಿಂತಿತು. ಒಂದು ತಿಂಗಳಾದರೂ ನೀಲಿಯಾಗಲಿಲ್ಲ. ಇಲ್ಲಿ ನನ್ನ ತಾಳ್ಮೆ ಮುಗಿಯಿತು. ಅಕ್ಕನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಸುಳ್ಳು. ನನಗೆ ಮುದ್ದೆ ಬೇಕಾಗಿತ್ತು. ಅಷ್ಟೇ.

ಒಂದು ಬೆಳಿಗ್ಗೆ ಭಾವ ಕೆರೆಯ ಕಡೆ ಹೋದಾಗ, ಸೀಸೆಯಲ್ಲಿದ್ದದ್ದನ್ನು ಬಚ್ಚಲಿಗೆ ಚೆಲ್ಲಿ, ತೊಳೆದು, ನನ್ನದನ್ನು ತುಂಬಿಸಿಟ್ಟೆ! ಮೂವತ್ತೆಂಟು ವರ್ಷದ ಸರ್ಕಾರಿ ಗುಮಾಸ್ತ, ಎರಡು ಮಕ್ಕಳ ತಂದೆ, ಮಾಡುವ ಕೆಲಸವೇ ಇದು?

ಭಾವ ನಳಿಕೆ ಕುದಿಸಿದರು. ದೀಪದಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಕನ್ನಡಕ ಒರೆಸಿ ಮತ್ತೆ ಹಿಡಿದರು. ಆಮೇಲೆ ಮೆಲ್ಲಗೆ, "ಏನಮ್ಮಿ, ಬಾ ಇಲ್ಲಿ" ಎಂದರು. ಆ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಕ್ಕ ನೋಡಿದಳು. ಹಾಗೇ ಪಕ್ಕದ ಮನೆಗೆ ಓಡಿದಳು, ಕೋಲು ತರಲು.

ಆ ಮಧ್ಯಾಹ್ನದ ಊಟ! ಕಬ್ಬಿಣದ ಗುಂಡಿನಂಥ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೆ ಒಬ್ಬಟ್ಟು. ಅಕ್ಕ ಇಕ್ಕಿದಳು, ಭಾವ ಉಂಡರು. "ಇನ್ನೊಂದು ವಸಿ" ಎಂದು ಅವಳು, "ಸಾಕು ಕಣಮ್ಮಿ" ಎಂದು ಅವರು. ನಾನು ಮೂರು ಮುದ್ದೆ ನುಂಗಿ ತೇಗಿದೆ.

ಆದರೆ ನನ್ನ ಲೆಕ್ಕದಲ್ಲಿ ಒಂದು ತಪ್ಪಾಗಿತ್ತು. ಭಾವ ಮರುದಿನವೂ ಪರೀಕ್ಷೆ ಮಾಡುವವರಲ್ಲವೇ? ಇವತ್ತು ನೀಲಿ, ನಾಳೆ ಕೆಂಪು ಎಂದರೆ ಮುದ್ದೆಕೋಲು ಮತ್ತೆ ಪಕ್ಕದ ಮನೆಗೆ! ಹೀಗಾಗಿ ದಿನಾ ಬೆಳಿಗ್ಗೆ ಸೀಸೆ ತುಂಬುವ ಡ್ಯೂಟಿ ನನ್ನ ತಲೆಗೆ ಬಂತು. ಭಾನುವಾರಕ್ಕೂ ರಜೆಯಿಲ್ಲ. ಮದ್ದೂರಿಗೆ ಹೋಗುವುದು ನಿಂತಿತು. ಹೆಂಡತಿ, "ಅಲ್ಲಿ ಅಂಥಾ ಕೆಲಸ ಏನದೆ ನಿಮಗೆ?" ಎಂದು ಕಾಗದ ಬರೆದಳು. ಏನೆಂದು ಉತ್ತರ ಬರೆಯಲಿ? ಕಚೇರಿ ಕೆಲಸ ಎಂದು ಬರೆದೆ. ಇಷ್ಟು ನಿಷ್ಠೆಯಿಂದ ಸರ್ಕಾರದ ಕೆಲಸ ಮಾಡಿದ್ದರೆ ತಹಸೀಲ್ದಾರನಾಗಿ ನಿವೃತ್ತನಾಗುತ್ತಿದ್ದೆ.

ಭಾವನ ಪುಸ್ತಕದಲ್ಲಿ ಇಪ್ಪತ್ತಾರು ದಿನ ನೀಲಿ, ನೀಲಿ, ನೀಲಿ. ತಟ್ಟೆಯಲ್ಲಿ ದಿನಾ ಮುದ್ದೆ. ಗೆದ್ದವರಿಗೆ ಮಾತ್ರೆ ಯಾಕೆ? ಅದನ್ನೂ ಬಿಟ್ಟರು. ಅಲಾರಂ ಗಡಿಯಾರ ಅಟ್ಟ ಸೇರಿತು.

ಆ ದಿನಗಳಲ್ಲೇ ಅವರು ನಡೆಯಲೆಂದು ಹೊಸ ಟೈರಿನ ಚಪ್ಪಲಿ ತಂದಿದ್ದರು. ಅದು ಹೆಬ್ಬೆರಳ ಪಕ್ಕ ಕಚ್ಚಿತು. ನೋವಾಗಲಿಲ್ಲವಂತೆ. "ನೋಯದ ಗಾಯ ಒಂದು ಗಾಯವೇನ್ಲಾ?" ಎಂದು ನಕ್ಕರು. ನಾನೂ ನಕ್ಕೆ. ಒಂದು ದಿನ ಅಕ್ಕ ಗುಡಿಸುವಾಗ ಮೂಗು ಮುಚ್ಚಿಕೊಂಡು, "ಇಲಿ ಸತ್ತದಾ ಮನೇಲಿ?" ಎಂದು ಮೂಲೆ ಮೂಲೆ ಹುಡುಕಿದಳು. ಇಲಿ ಸತ್ತಿರಲಿಲ್ಲ. ವಾಸನೆ ಭಾವನ ಕಾಲಿನದು.

ಮಂಡ್ಯದ ಆಸ್ಪತ್ರೆಯಲ್ಲಿ ಭಾವನ ಮೂತ್ರವನ್ನು ಅಲ್ಲಿಯವರೇ ಹಿಡಿದು ಕುದಿಸಿದರು. ಇಟ್ಟಿಗೆ ಕೆಂಪು. ನೀಲಿಯ ಪುಸ್ತಕವನ್ನು ಭಾವ ಚಾಚಿದಾಗ ಡಾಕ್ಟರು ಅದನ್ನು ನೋಡಲೂ ಇಲ್ಲ. ಅಕ್ಕನ ಕಡೆ ತಿರುಗಿ ರೇಗಿದರು:

"ಇಷ್ಟು ದಿನ ಇವರಿಗೆ ಮುದ್ದೆ, ಒಬ್ಬಟ್ಟು ಹಾಕಿದ್ದು ಯಾರಮ್ಮ?"

"ನಾನೇ ಸ್ವಾಮಿ. ನನ್ ಕೈಯಾರ ನಾನೇ ಇಕ್ದೆ."

ನಾನು ಪಕ್ಕದಲ್ಲೇ ಇದ್ದೆ. ಊಟದ ಕ್ಯಾರಿಯರು ನನ್ನ ಕೈಯಲ್ಲಿತ್ತು. ಅದರ ಕೆಳಗಿನ ಡಬ್ಬಿಯಲ್ಲಿ ನನ್ನ ಮಧ್ಯಾಹ್ನದ ಮುದ್ದೆ ಇನ್ನೂ ಬಿಸಿಯಾಗಿತ್ತು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. ತೆರೆಯಲಿಲ್ಲ.

ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗೆ ಕಾಲು. ಭಾವ ಕಾಲಿಗಾಗಿ ಅತ್ತದ್ದನ್ನು ನಾನು ನೋಡಲಿಲ್ಲ. ಅವರು ಕೊರಗಿದ್ದು ಕಣ್ಣಿಗಾಗಿ. "ಮೂವತ್ತು ವರ್ಷ ಮೀಟರ್ ನೋಡಿದ ಕಣ್ಣು ಕಣೋ. ಒಂದು ದಿವಸ ತಪ್ಪು ಬರೆದಿಲ್ಲ. ಕೊನೆಗೆ ಇಂಗೆ ಮೋಸ ಹೋದ್ನಲ್ಲ! ನೀನೂ ನೋಡ್ದೆ ತಾನೇ? ಅದು ನೀಲಿನೇ ತಾನೇ?"

"ಹೂಂ ಬಾವ, ನೀಲಿನೇ."

ಆ ವಿಚಾರದಲ್ಲಿ ನಾನು ಹೇಳಿದ ನಿಜ ಅದೊಂದೇ. ಎಲ್ಲಾ ಸುಳ್ಳಿಗಿಂತ ನೀಚವಾದ ನಿಜ. ಮಾರನೆಯ ವರ್ಷ ಯುಗಾದಿಗೆ ಮುಂಚೆ ಭಾವ ಹೋದರು. ಕೊನೆಯ ತನಕ ತಮ್ಮ ಕಣ್ಣನ್ನೇ ಅನುಮಾನಿಸಿದರು, ನನ್ನನ್ನು ಅನುಮಾನಿಸಲಿಲ್ಲ.

ಅಕ್ಕನನ್ನು ಮದ್ದೂರಿಗೆ ನಮ್ಮ ಮನೆಗೇ ಕರೆತಂದೆ. ಎಂಥಾ ತಮ್ಮ ಎಂದು ಬೀದಿಯವರೆಲ್ಲ ಹೊಗಳಿದರು! ಅವಳು ಮುದ್ದೆಕೋಲು ಮುಟ್ಟಲಿಲ್ಲ. ಯಾರ ಎಲೆಗೂ ಸಿಹಿ ಬಡಿಸಲಿಲ್ಲ. ಮದುವೆ ಮನೆಗಳಲ್ಲೂ ಹಿಂದೆ ಕೂತು ತರಕಾರಿ ಹೆಚ್ಚುತ್ತಿದ್ದಳು. ನನ್ನ ಮಗಳ ಮದುವೆಯಲ್ಲಿ ಒಬ್ಬಟ್ಟಿನ ಬುಟ್ಟಿಯನ್ನು ಯಾರೋ ಅವಳ ಕೈಗೆ ಕೊಡಲು ಹೋದರೆ, ಕೆಂಡ ಕಂಡವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. ಅದನ್ನೂ ನೋಡುತ್ತಾ ನಿಂತಿದ್ದೆ.

ಐವತ್ತೆಂಟಕ್ಕೆ ನನಗೂ ಸಕ್ಕರೆ ಕಾಯಿಲೆ ಬಂತು. ವರದಿಯನ್ನು ಅಕ್ಕನಿಗೂ ಓದಿ ಹೇಳಿದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ, ಅವಳ ಹಳೆಯ ಟ್ರಂಕಿನಲ್ಲಿದ್ದ ಭಾವನ ಅಲಾರಂ ಗಡಿಯಾರ ಅಡುಗೆಮನೆಯ ಕಟ್ಟೆಯ ಮೇಲೆ ಟಿಕ್ ಟಿಕ್ ಎನ್ನುತ್ತಿದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಕ್ಕ ಎಲೆಕೋಸು ಕೊಚ್ಚುತ್ತಿದ್ದಾಳೆ. ಒಂಬತ್ತು ನಿಮಿಷಕ್ಕೆ ತಟ್ಟೆ ನನ್ನ ಮುಂದೆ ಬಂತು.

"ನಿಮ್ ಬಾವನ್ನ ಕೊಂದಿದ್ದು ಇದೇ ಕೈ ಕಣ್ಲಾ. ನಿನ್ನಾದ್ರೂ ಉಳಿಸ್ಲಿ. ತಿನ್ನು."

ಹೇಳಬೇಕೆಂದು ಬಾಯಿ ತೆರೆದೆ. ಮೊದಲ ತುತ್ತು ಬಾಯಲ್ಲಿತ್ತು.

"ಉಪ್ಪು ವಸಿ ಕಮ್ಮಿ ಕಣಕ್ಕ" ಎಂದೆ.

ಅವಳು ಉಪ್ಪು ತಂದು ಹಾಕಿದಳು. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಹಾಕಿದಳು. ಆಮೇಲೆ ಒಂದು ಬೆಳಿಗ್ಗೆ ಗಡಿಯಾರ ಹೊಡೆಯಿತು, ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಈಗ ಎಲೆಕೋಸು ನಾನೇ ಕೊಚ್ಚುತ್ತೇನೆ. ಹದಿನಾಲ್ಕು ನಿಮಿಷ ಹಿಡಿಯುತ್ತದೆ. ಭಾವ ನೋಡಿದ್ದರೆ ತಟ್ಟೆ ಎತ್ತಿ ಹೊರಗಿಡುತ್ತಿದ್ದರು. ಅವರನ್ನು ಮನಸ್ಸಿನಲ್ಲೇ ಎಷ್ಟೋ ಸಲ ಕ್ಷಮೆ ಕೇಳಿದ್ದೇನೆ. ಅವರು ನಕ್ಕು ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗುತ್ತಾರೆ ಎಂಬ ಧೈರ್ಯವಿದೆ. ಇನ್ನೊಬ್ಬರನ್ನು ಮನಸ್ಸಿನಲ್ಲಿ ಕೇಳಲೂ ಆಗಿಲ್ಲ. ಮಾತು ಬಂದಾಗಿನಿಂದ ಅಕ್ಕ ಎಂದೇ ಕರೆದವನು ನಾನು, ಹೆಸರು ಹಿಡಿದಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಆದರೆ ಅಕ್ಕ ಎಂದಷ್ಟೇ ಬರೆದರೆ ಊರಿನಲ್ಲಿರುವ ಯಾವ ಅಕ್ಕನಾದರೂ ಆಗಬಹುದು, ನಾನು ಮತ್ತೆ ತಪ್ಪಿಸಿಕೊಂಡೇನು. ಆ ಕೈ ಯಾರನ್ನೂ ಕೊಲ್ಲಲಿಲ್ಲ. ಸೀಸೆ ಬದಲಿಸಿದ್ದು ನಾನು. ಆ ಕೈ ಪುಟ್ಟತಾಯಮ್ಮನದು.