ಮೂವತ್ತೇಳು ಪರ್ಸೆಂಟಿನಲ್ಲಿ ನಿಂತ ಸಂಸಾರ

ಹೆಂಡತಿಗೆ ಹೆದರುವ ಗಂಡಸು ನಾನಲ್ಲ. ಕಂಪ್ಯೂಟರಿಗೆ ಹೆದರುವವನೂ ಅಲ್ಲ. (ಎರಡೂ ಒಂದೇ ಕೋಣೆಯಲ್ಲಿ ಇಲ್ಲದಿದ್ದರೆ.) ಆದರೆ ಮೊನ್ನೆ ಅಜ್ಜಂಪುರದ ನಮ್ಮ ಮನೆಯಲ್ಲಿ ಈ ಎರಡರ ನಡುವೆ ಸಿಕ್ಕಿಕೊಂಡು ನನ್ನ ಕೈಕಾಲು ತಣ್ಣಗಾದದ್ದು ಸುಳ್ಳಲ್ಲ.

ನನ್ನ ಹೆಂಡತಿ ಯಶೋದಾ ಮದುವೆ ರವಿಕೆಗಳಿಗೆ ಮೆಷಿನ್ ಕಸೂತಿ ಹಾಕುತ್ತಾಳೆ. ನವಿಲು, ಬಳ್ಳಿ, ಕಮಲದ ಡಿಸೈನುಗಳೆಲ್ಲ ಕಂಪ್ಯೂಟರಿನಲ್ಲಿರುತ್ತವೆ. ಅಲ್ಲಿಂದ ಕಸೂತಿ ಮೆಷಿನ್ನಿಗೆ ಹೋಗಬೇಕು. ಈಚೆಗೆ ಆ ಕಂಪ್ಯೂಟರ್ ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಕುಡಿದು ಬಂದರೂ ಕಣ್ಣು ಬಿಡುತ್ತಿರಲಿಲ್ಲ. ತರೀಕೆರೆಯ ಓಂಕಾರೇಶನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೊಡೋಣ ಎಂದಳು. ಮನೆಯಲ್ಲಿ ನಾನಿರುವಾಗ ಪರವೂರಿನವನು ಯಾಕೆ? ಅವನಿಂದ ವಿಂಡೋಸ್ ತುಂಬಿದ ಪೆನ್‌ಡ್ರೈವ್ ಒಂದನ್ನು ಮಾತ್ರ ಇಸಿದುಕೊಂಡು ಬಂದು, ಹಳೆಯದನ್ನು ಅಳಿಸಿ ಹೊಸದನ್ನು ಪ್ರತಿಷ್ಠಾಪಿಸುವ ಮಹಾಕಾರ್ಯಕ್ಕೆ ಕೂತೆ.

ಹಾರ್ಡ್ ಡಿಸ್ಕಿನ ಯಾವ ಭಾಗಕ್ಕೆ ಹಾಕಲಿ ಎಂದು ಅದು ಕೇಳಿತು. ನೋಡಿದರೆ ನಾಲ್ಕೈದು ಭಾಗಗಳು. ಯಾವುದು ಏನೆಂದು ತಿಳಿಯದೆ, ಅಣ್ಣತಮ್ಮಂದಿರ ಪಾಲು ಒಂದುಗೂಡಿಸುವ ಹಿರಿಯನ ಹಾಗೆ, ಎಲ್ಲವನ್ನೂ ಅಳಿಸಿ ಒಂದು ಮಾಡಿದೆ. ಫೈಲುಗಳು ಕಾಪಿಯಾಗತೊಡಗಿದವು. ಯಶೋದಾಳ ನವಿಲುಗಳು ಇದ್ದದ್ದೂ ಅದೇ ಡಿಸ್ಕಿನಲ್ಲಿ ಎಂದು ನೆನಪಾದದ್ದು ಆಮೇಲೆ.

ಅಷ್ಟರಲ್ಲಿ ಕಾಪಿಯೂ ಮೂವತ್ತೇಳು ಪರ್ಸೆಂಟಿಗೆ ನಿಂತು, ಬೇಕಾದ ಫೈಲು ಸಿಗುತ್ತಿಲ್ಲ ಎಂದು ಕೆಂಪಗೆ ತೋರಿಸಿತು. ಮತ್ತೆ ಶುರು ಮಾಡಿದರೆ ಹನ್ನೆರಡಕ್ಕೇ ನಿಂತಿತು. ಹಳೆಯದು ಹೋಗಿತ್ತು, ಹೊಸದು ಬರುತ್ತಿರಲಿಲ್ಲ.

ಆಗಲೇ ನಡುಮನೆಯಿಂದ ತೀರ್ಥಮ್ಮನವರ ದನಿ ಕೇಳಿಸಿತು. ಅವರ ಮಗಳ ಧಾರೆ ನಾಡಿದ್ದು. ಧಾರೆ ರವಿಕೆಯ ಒಂದು ತೋಳಿನ ಕಸೂತಿ ಇನ್ನೂ ಬಾಕಿ. ಕೈಯಲ್ಲಿ ಹಿಡಿದೇ ಹೋಗುವುದೆಂದು ಕಡೂರಿನಿಂದ ಬಂದು ಪಟ್ಟಾಗಿ ಕೂತಿದ್ದರು. ಒಂದು ತೋಳಿನಲ್ಲಿ ನವಿಲು, ಇನ್ನೊಂದು ಬೋಳು. ಆ ಹುಡುಗಿ ಮಂಟಪದಲ್ಲಿ ಹಾಗೆ ನಿಂತದ್ದು ಕಣ್ಣ ಮುಂದೆ ಬಂದು ನನಗೆ ನಿಜಕ್ಕೂ ಅಳು ಬಂತು.

ಬಾಗಿಲಿಗೆ ಚಿಲಕ ಹಾಕಿದೆ. ಕಂಪ್ಯೂಟರಿನ ಡಬ್ಬ ಬಿಚ್ಚಿ, ಸಿಕ್ಕಿದ್ದನ್ನೆಲ್ಲ ಕಿತ್ತು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಸಿಕ್ಕಿಸಿದೆ. ದೇವರಿಗೆ ಎರಡು ತೆಂಗಿನಕಾಯಿ ಹರಸಿಕೊಂಡೆ. ಕಾಪಿ ನಾಲ್ಕಕ್ಕೇ ನಿಂತಾಗ ಕಾಯಿಗಳನ್ನು ಐದಕ್ಕೆ ಏರಿಸಿದೆ.

"ರೀ, ಬಾಗ್ಲು ಯಾಕೆ ಹಾಕ್ಕೊಂಡಿದ್ದೀರ?"

ತೆಗೆಯದೆ ವಿಧಿಯಿರಲಿಲ್ಲ. "ನಿನ್ ನವಿಲೆಲ್ಲ ಹೋದ್ವು ಕಣೇ," ಎಂದು ಒಂದೇ ಉಸಿರಿಗೆ ಹೇಳಿ ಗೋಡೆಗೆ ಒರಗಿದೆ. ಅವಳು ಬೈಯಲಿಲ್ಲ. (ಅನುಭವಸ್ಥ ಗಂಡಂದಿರಿಗೆ ಇದರ ಭೀಕರತೆ ಗೊತ್ತು.)

"ನೀವು ಪೆನ್‌ಡ್ರೈವ್ ತರೋಕೆ ಹೋಗಿದ್ದಾಗ್ಲೇ ಎಲ್ಲಾನೂ ಬೇರೆ ಕಡೆ ತೆಗೆದಿಟ್ಕೊಂಡೆ," ಎಂದಳು. ಆಮೇಲೆ ಡಬ್ಬದ ಕಡೆ ಬಗ್ಗಿ ನೋಡಿದಳು. "ಪೆನ್‌ಡ್ರೈವ್ ಈ ಮುಂದಿನ ತೂತಿಗೆ ಯಾಕೆ ಚುಚ್ಚಿದ್ರಿ? ಅದ್ರೊಳಗೆ ವಿಭೂತಿ ಕೂತಿದೆ. ಆಯುಧಪೂಜೆಲಿ ಮೂರು ಬೆರಳಲ್ಲಿ ದಪ್ಪಗೆ ಎಳೆದೋರು ನೀವೇ ಅಲ್ವಾ? ಅವತ್ತಿಂದ ನಾನು ಹಿಂದಿನ ತೂತಿಗೇ ಹಾಕೋದು."

ಕಿತ್ತು, ಉಫ್ ಎಂದು ಊದಿದಳು. ನನ್ನ ಭಕ್ತಿಯೆಲ್ಲ ಪುಡಿಯಾಗಿ ನನ್ನ ಮೂಗಿಗೇ ಹಾರಿತು. ಹಿಂದಕ್ಕೆ ಸಿಕ್ಕಿಸಿದಳು. ಕಾಪಿ ಮೂವತ್ತೇಳನ್ನು ದಾಟಿ, ತಿರುಗಿಯೂ ನೋಡದೆ ನೂರಕ್ಕೆ ಹೋಯಿತು.

ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ತೀರ್ಥಮ್ಮನವರು ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು.

"ನಮ್ಮನೇದೂ ಹಿಂಗೇ ಕೆಟ್ಟು ಕೂತೈತೆ ಕಣಪ್ಪ ಪ್ರಸನ್ನ. ಮದ್ವೆ ಮುಗುದ್ಮೇಲೆ ಯಶೋದನ್ನ ಒಂದಿನ ಕಡೂರಿಗೆ ಕಳಿಸ್ಕೊಡು."

ಉಳಿದ ಮಾನವನ್ನಾದರೂ ಉಳಿಸಿಕೊಳ್ಳೋಣವೆಂದು, ನಾನೂ ಜೊತೆಗೆ ಬರುತ್ತೇನೆ ಎಂದೆ.

"ಬ್ಯಾಡಪ್ಪ, ನೀನು ಬರಬ್ಯಾಡ," ಎಂದರು ಗಾಬರಿಯಾಗಿ. "ಈಗ ಹೋಗಿ ಅನ್ನಕ್ಕಿಡು. ಅವಳಿಗೆ ಕೆಲ್ಸ ಐತೆ."

ಅನ್ನಕ್ಕಿಟ್ಟೆ. ತೀರ್ಥಮ್ಮನವರು ರವಿಕೆ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಹೊರಡುವವರೆಗೂ ಅಡುಗೆಮನೆಯಿಂದ ಆಚೆ ಬರುವ ಧೈರ್ಯ ನನಗಾಗಲಿಲ್ಲ.