ಟೈಲರ್ ಕಯಾಕ್ ಹತ್ತಿದ್ದು

ತಪ್ಪೆಲ್ಲ ಗುಂಡುಸೂಜಿಗಳದ್ದು. ಡ್ರಾಯಿಂಗ್ ಮೇಷ್ಟ್ರು ಅಂಗಡಿಗೆ ಬಂದು, ಇಬ್ಬರು ಕೂರುವ ಕಯಾಕ್ ಕೊಂಡಿದ್ದೇನೆ, ಭಾನುವಾರ ಕೆರೆಗಿಳಿಸಿ ನೋಡೋಣ, ಬರುತ್ತೀರಾ ಎಂದು ಕೇಳಿದಾಗ ಟೈಲರ್ ಯಾರದ್ದೋ ಕೋಟಿನ ತೋಳಿಗೆ ಸೂಜಿ ಚುಚ್ಚುತ್ತಿದ್ದ. ತುಟಿಗಳ ನಡುವೆ ಇನ್ನೂ ಐದಾರು ಸೂಜಿಗಳಿದ್ದವು. ಅವನು 'ಉಹೂಂ' ಎಂದ. ಮೇಷ್ಟ್ರಿಗೆ 'ಹೂಂ' ಎಂದಷ್ಟೇ ಕೇಳಿಸಿತು. ಸೂಜಿ ತೆಗೆದು ಬಾಯಿ ಬಿಡುವಷ್ಟರಲ್ಲಿ ಅವರು ಬೀದಿ ದಾಟಿ ಎದುರಂಗಡಿಯ ಕ್ಷೌರಿಕನಿಗೂ ಮಹಡಿ ಮನೆಯ ನರ್ಸಮ್ಮನಿಗೂ ಸುದ್ದಿ ಮುಟ್ಟಿಸಿಯಾಗಿತ್ತು.

ಟೈಲರಿಗೆ ಬಕೆಟ್ಟಿನ ನೀರನ್ನೂ ನಂಬಿ ಅಭ್ಯಾಸವಿರಲಿಲ್ಲ. ಭಾನುವಾರ ಬೆಳಗ್ಗೆ ಇಬ್ಬರೂ ಅವನಿಗೆ ಧೈರ್ಯ ಹೇಳಲು ಬಂದರು. ದೋಣಿ ಮಗುಚಿದರೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿರಬೇಕು ಎಂದ ಕ್ಷೌರಿಕ. ಬಾಯಿ ಮುಚ್ಚಿದರೆ ಮೂಗಿನಿಂದ ಹೋಗುತ್ತದೆ ಎನ್ನುತ್ತ ನರ್ಸಮ್ಮ, ನೀರು ಶ್ವಾಸಕೋಶ ಸೇರುವ ದಾರಿಯನ್ನು ಅವನ ಎದೆಯ ಮೇಲೇ ಬೆರಳಿನಿಂದ ಗೀರಿ ತೋರಿಸಿದರು. ಹೆಂಡತಿ ಹೆಚ್ಚು ಮಾತಾಡಲಿಲ್ಲ.

"ಅಂಗಡಿ ಬೀಗದ ಕೈ ಇಲ್ಲೇ ಇಟ್ಟು ಹೋಗಿ," ಎಂದಳು.

ಕೆರೆ ಇಸ್ತ್ರಿ ಮಾಡಿದ ಸ್ಯಾಟಿನ್ನಿನಂತೆ ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ಟೈಲರಿಗೆ ಅದೇ ದಿಗಿಲು. ಇಷ್ಟು ಸುಮ್ಮನಿರುವುದು ಏನೋ ಹೊಂಚು ಹಾಕುತ್ತಿರಲೇಬೇಕು. ಮೇಷ್ಟ್ರು ಕೊಟ್ಟ ತೇಲುವ ಜಾಕೆಟ್ಟನ್ನು ಒಳಹೊರಗು ಮಾಡಿ ನೋಡಿದ. ಹೆಗಲಿನ ಪಟ್ಟಿಗೆ ಒಂದೇ ಸಾಲು ಹೊಲಿಗೆ. ಅಂಥ ಹೊಲಿಗೆಯನ್ನು ಅವನು ದಿಂಬಿನ ಚೀಲಕ್ಕೂ ಹಾಕುತ್ತಿರಲಿಲ್ಲ.

ಮುಂದೆ ಮೇಷ್ಟ್ರು ಕೂತರು, ಹಿಂದೆ ಟೈಲರ್. ಹುಟ್ಟು ಹಾಕಿದಾಗಲೆಲ್ಲ ಕಯಾಕ್ ಬಲಕ್ಕೆ ವಾಲಿ, ಸ್ವಲ್ಪ ಯೋಚಿಸಿ, ಎಡಕ್ಕೆ ವಾಲುತ್ತಿತ್ತು. ಮೇಷ್ಟ್ರು ಮಾತ್ರ ಸಿಳ್ಳೆ ಹಾಕುತ್ತಿದ್ದರು. ಆ ಸಿಳ್ಳೆಯನ್ನೇ ಹಗ್ಗದಂತೆ ಹಿಡಿದುಕೊಂಡು ಟೈಲರ್ ನಡುನೀರಿನವರೆಗೆ ಬಂದ. ಅಲ್ಲಿ ತಡೆಯಲಾಗದೆ ಕೇಳಿಬಿಟ್ಟ.

"ಮೇಷ್ಟ್ರೇ, ನಿಮಗೆ ಈಜು ಚೆನ್ನಾಗಿ ಬರುತ್ತೆ ತಾನೆ?"

ಸಿಳ್ಳೆ ನಿಂತಿತು.

"ನನಗೆಲ್ಲಿ ಬರುತ್ತೆ? ಕೇಳಿದ ಕೂಡಲೇ ಹೂಂ ಅಂದ್ರಲ್ಲ, ನಿಮಗೆ ಬರುತ್ತೆ ಅಂತಲೇ ನಾನು ಧೈರ್ಯ ಮಾಡಿದ್ದು."

ಆಮೇಲೆ ಯಾರೂ ಅಲುಗಾಡಲಿಲ್ಲ. ಮೇಷ್ಟ್ರು ಎತ್ತಿದ ಹುಟ್ಟನ್ನು ಇಳಿಸುವುದಕ್ಕೂ ಹೆದರಿ ಹಾಗೇ ಹಿಡಿದುಕೊಂಡು ಕೂತರು. ದಡದಲ್ಲಿ ಅಡ್ಡಾಡುತ್ತಿದ್ದವರು ಅದನ್ನು ವಂದನೆ ಎಂದುಕೊಂಡು ಕೈಬೀಸಿದರು. ತಿರುಗಿ ಕೈಬೀಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅಷ್ಟರಲ್ಲಿ ನೀರುಕಾಗೆಯೊಂದು ಬಂದು ಕಯಾಕಿನ ಮೂತಿಯ ಮೇಲೆ ಕೂತು ರೆಕ್ಕೆ ಬಿಡಿಸಿತು. ನಡುವಿನಲ್ಲೇ ಕೂತಿರು ಮಹಾರಾಯ ಎಂದು ಮೇಷ್ಟ್ರು ಅದನ್ನು ಪಿಸುದನಿಯಲ್ಲಿ ಬೇಡಿಕೊಂಡರು. ಟೈಲರನ ತೊಡೆ ಹೊಲಿಗೆಯಂತ್ರದಂತೆ ನಡುಗುತ್ತಿತ್ತು. ಆ ನಡುಕಕ್ಕೇ ನೀರಿನಲ್ಲಿ ಬಳೆಬಳೆಯಾಗಿ ಅಲೆಗಳು ಏಳುತ್ತಿದ್ದವು.

ಕೊನೆಗೆ ತೆಳುವಾಗಿ ಗಾಳಿ ಎದ್ದಿತು. ಒಂದು ಗಂಟೆ ಕಾಲ ಅದು ಅವರನ್ನು ಇಷ್ಟಿಷ್ಟೇ ತಳ್ಳಿ ಆಚೆ ದಡಕ್ಕೆ ಮುಟ್ಟಿಸಿತು. ಟೈಲರ್ ನಾಲ್ಕು ಕಾಲಿನಲ್ಲಿ ಮೇಲೆ ಹತ್ತಿ, ಹುಲ್ಲನ್ನು ಎರಡು ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿದ. ಇನ್ನು ಮನೆಗೆ ಎಷ್ಟು ದೂರವಾದರೂ ಸರಿ, ನಡೆದೇ ಹೋಗುತ್ತೇನೆ ಎಂದುಕೊಂಡ.

ತಲೆಯ ಬಳಿ ಎರಡು ಬೂಟುಗಳು ಬಂದು ನಿಂತವು. ಅವರು ಹತ್ತಿದ್ದು ಯಾವುದೋ ಕಾರ್ಖಾನೆಯ ಹಿತ್ತಲು. ಮೂರು ಕಡೆ ಎತ್ತರದ ಗೋಡೆ, ಒಂದೇ ಗೇಟು. ಕಾವಲುಗಾರ ಸಭ್ಯ ಮನುಷ್ಯ. ಅವರ ಕತೆಯನ್ನೆಲ್ಲ ಕೇಳಿ ಮರುಗಿದ. ಆದರೆ ಗೇಟು ತೆಗೆಯಲಿಲ್ಲ.

"ನೀವು ಒಳಗೆ ಬಂದದ್ದು ಗೇಟಿನ ಪುಸ್ತಕದಲ್ಲಿ ಇಲ್ಲ. ಹೊರಗೆ ಹೋದ್ರು ಅಂತ ನಾನು ಹೇಗೆ ಬರೀಲಿ?"

ಟೈಲರ್ ಅಂಗಲಾಚಿದ. ಮೇಷ್ಟ್ರು ಗುರುತಿನ ಚೀಟಿ ತೋರಿಸಿದರು. ಕಾವಲುಗಾರ ತನ್ನ ನೌಕರಿಯ ಕಷ್ಟ ಹೇಳಿಕೊಂಡು, ಇಬ್ಬರನ್ನೂ ತೋಳು ಹಿಡಿದು ಜೋಪಾನವಾಗಿ ಕಯಾಕಿನಲ್ಲಿ ಕೂರಿಸಿದ. ಗಾಳಿ ಈಗ ನೇರ ಮುಖಕ್ಕೇ ಬೀಸುತ್ತಿತ್ತು.

"ಹೆದರಬೇಡಿ," ಎಂದ. "ಹೋದ ತಿಂಗಳೂ ಇಬ್ಬರು ಹೀಗೇ ಬಂದಿದ್ರು. ನಾನೇ ವಾಪಸ್ ಕಳಿಸಿಕೊಟ್ಟೆ."

"ಅವರು ಆ ದಡ ಮುಟ್ಟಿದ್ರಾ?" ಟೈಲರ್ ಕಯಾಕಿನ ಅಂಚನ್ನು ಹಿಡಿದುಕೊಂಡು ಕೇಳಿದ.

ಕಾವಲುಗಾರ ಬೂಟುಗಾಲಿನಿಂದ ಕಯಾಕನ್ನು ನೀರಿಗೆ ತಳ್ಳಿದ.

"ನನ್ನ ಡ್ಯೂಟಿ ಈ ದಡದ್ದು ಮಾತ್ರ ಸ್ವಾಮಿ."