ಚಹಾಪುಡಿಯ ಬೆಟ್ಟ

ಎಲ್ಲ ಅನಾಹುತಕ್ಕೂ ಕಾರಣ, ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುವಾಗ ಕೈಗೆ ಸಿಕ್ಕ ಒಂದು ಹಳೆಯ ಮಾಸಪತ್ರಿಕೆ. 'ಬರೀ ಬಣ್ಣದಲ್ಲಿ ಬೆಟ್ಟ ಬಿಡಿಸುವ ಕಾಲ ಮುಗಿಯಿತು. ಇನ್ನೇನಿದ್ದರೂ ಮಿಶ್ರ ಮಾಧ್ಯಮ. ಮರಳು, ಬಟ್ಟೆ, ಗಾಜು, ಸಿಕ್ಕಿದ್ದನ್ನೆಲ್ಲ ಅಂಟಿಸಿ' ಎಂದು ಅದರಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದರು. ಓದಿದವನು ದಾಖಲೆ ಕಚೇರಿಯ ಗುಮಾಸ್ತ, ವಯಸ್ಸು ನಲವತ್ತಾರು. ಎಂಟು ವರ್ಷಗಳಿಂದ ರಜಾದಿನಗಳಲ್ಲಿ ನಿಸರ್ಗದ ಚಿತ್ರ ಬಿಡಿಸಿ ನಿಸರ್ಗದ ಮಾನ ಕಳೆಯುತ್ತಿದ್ದುದರಿಂದ ಕಚೇರಿಯವರು ಅವನಿಗೆ ಕುಂಚಪ್ಪ ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಬಿರುದೆಂದೇ ತಿಳಿದಿದ್ದ.

ಆ ಭಾನುವಾರ ಪುರಭವನದಲ್ಲಿ ಚಿತ್ರಸ್ಪರ್ಧೆ. ಹನ್ನೆರಡು ಗಂಟೆಯೊಳಗೆ ಚಿತ್ರ ಕೊಡಬೇಕು, ಸಂಜೆಗೆ ಬಹುಮಾನ.

"ಇವತ್ತೂ ಬರಿಗೈಲಿ ಬಂದ್ರೆ ನಿಮ್ಮ ಆ ಸಣ್ಣ ರೂಮು ನನ್ನ ಹೊಲಿಗೆ ಮಷಿನ್ನಿಗೆ," ಎಂದು ಹೆಂಡತಿ ಬೆಳಿಗ್ಗೆಯೇ ಸಾರಿದ್ದಳು. "ಎಂಟು ವರ್ಷ ಸಹಿಸ್ಕೊಂಡಿದೀನಿ. ಗೋಡೆ ಕೂಡ ಅಷ್ಟು ಸಹಿಸಲ್ಲ."

ಕುಂಚಪ್ಪ ಕೆಲಸಕ್ಕಿಳಿದ. ಹಲಗೆಯ ಮೇಲೆ ಗೋಂದು ಸುರಿದು, ಚಹಾಪುಡಿ ಚೆಲ್ಲಿ ಬೆಟ್ಟ ಮಾಡಿದ. ದಿಂಬಿನ ಹೊಟ್ಟೆ ಸೀಳಿ ಹತ್ತಿ ತೆಗೆದು ಮೋಡ ಮಾಡಿದ. ಹೆಂಡತಿಯ ಕೈಗನ್ನಡಿ ಒಡೆದು ಕೆರೆ ಮಾಡಿದ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇವನ ಬೆಟ್ಟ ಎಷ್ಟು ದೂರ ನಿಂತು ನೋಡಿದರೂ ಕಜ್ಜಿ ಹಿಡಿದ ಎಮ್ಮೆಯಂತೆಯೇ ಕಾಣುತ್ತಿತ್ತು.

ಕೆಳಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇಣುಕಿದರು. ಮೂವತ್ತು ವರ್ಷ ಮಕ್ಕಳ ಕೈಲಿ ಒಂದೇ ಹೂಜಿಯ ಚಿತ್ರ ಬರೆಸಿದ ಮಹಾನುಭಾವರು.

"ಏನಯ್ಯಾ ಇದು, ಯಾರಿಗೆ ವಾಂತಿ ಆಯ್ತು?"

"ಬೆಟ್ಟ ಸಾರ್. ಮಿಶ್ರ ಮಾಧ್ಯಮ."

"ಬೆಟ್ಟ ಅಂದ್ಮೇಲೆ ನೆರಳು ಬೇಡ್ವೇನೋ?" ಎಂದವರೇ ತಮ್ಮ ಡಬ್ಬಿಯಿಂದ ನಾಲ್ಕು ಚಿಟಿಕೆ ನಶ್ಯ ಉದುರಿಸಿ ಹೋದರು.

ಆಮೇಲೆ ಮಹಡಿ ಮನೆಯಾಕೆ ಏಳು ವರ್ಷದ ಮಗಳೊಂದಿಗೆ ಬಂದಳು. "ಅಯ್ಯೋ ಅಣ್ಣ, ಒಂದು ಮರಾನೂ ಇಲ್ವಲ್ಲ! ಪುಟ್ಟಿ, ಪಾತ್ರೆ ತಿಕ್ಕೋ ನಾರು ತಗೊಂಡ್ಬಾ." ನಾರು ಬಂತು, ಮರವಾಗಿ ಅಂಟಿಕೊಂಡಿತು. ಒಳಗೆ ಹೆಂಡತಿ ಕನ್ನಡಿ ಹುಡುಕುವ ಸದ್ದು ಕೇಳುತ್ತಲೇ ಕುಂಚಪ್ಪ ಹಲಗೆ ಎತ್ತಿಕೊಂಡು ಬಸ್ಸಿಗೆ ಓಡಿದ.

ಬಸ್ಸು ಹೊರಟಿತು, ಕಿಟಕಿಯ ಗಾಳಿಗೆ ನಶ್ಯ ಎದ್ದಿತು. ಮುಂದಿನ ಸೀಟಿನಲ್ಲಿ ಹುಟ್ಟಿದ ಸೀನು ಹಿಂದಿನ ಸೀಟಿನವರೆಗೂ ಗೂಡ್ಸ್ ಗಾಡಿಯ ಡಬ್ಬಿಗಳಂತೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಸಾಗಿತು. ಅಷ್ಟರಲ್ಲಿ ಹಲಗೆಯ ಮೇಲಿನ ಕೆರೆಗೆ ಬಿದ್ದ ಬಿಸಿಲು ಡ್ರೈವರನ ಕಣ್ಣಿಗೆ ಹೊಡೆದು, ಬ್ರೇಕು ಬಿತ್ತು. ಒಂದು ಮೋಡ ಹಾರಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದವರೊಬ್ಬರ ಗಂಟಲಿಗಿಳಿಯಿತು.

"ಸ್ವಾಮಿ, ಬೆಟ್ಟ ನೀವೇ ಇಳಿಸ್ತೀರೋ, ನಾನೇ ಇಳಿಸ್ಲೋ?" ಎಂದ ಕಂಡಕ್ಟರ್.

ಉಳಿದ ದಾರಿಯನ್ನು ಕುಂಚಪ್ಪ ನಡೆದೇ ಸವೆಸಿದ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಪುರಭವನ ಸೇರಿದ. ಚಿತ್ರ ತೆಗೆದುಕೊಳ್ಳಲು ಕೂತಿದ್ದ ಹೆಂಗಸು ಹಲಗೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ನೀವು ತಂದೆಯವರಾ?"

ಕಲಾವಿದರನ್ನು ಹೀಗೆಯೇ ಕೇಳುವುದಿರಬೇಕು ಎಂದುಕೊಂಡು ಅವನು ಎದೆಯುಬ್ಬಿಸಿದ. "ತಂದೆಯೂ ನಾನೇ, ತಾಯಿಯೂ ನಾನೇ!"

"ಅಯ್ಯೋ ಪಾಪ," ಎಂದು ಆಕೆ ಕಣ್ಣೊರೆಸಿಕೊಂಡು, ಹಲಗೆಗೆ ಎಪ್ಪತ್ತೊಂದು ಎಂಬ ಚೀಟಿ ಅಂಟಿಸಿದಳು.

ಸಂಜೆ ಸಭೆ ತುಂಬಿತ್ತು. ಹೆಂಡತಿ, ಮೇಷ್ಟ್ರು, ಮಹಡಿ ಮನೆಯ ತಾಯಿ ಮಗಳು ಬಂದಿದ್ದರು. ನಗಲೆಂದೇ ಕಚೇರಿಯ ನಾಲ್ವರು ಬಂದಿದ್ದರು. ತೀರ್ಪುಗಾರರು ಏನನ್ನು ನೋಡುವಾಗಲೂ ಮೊದಲು ತಲೆ ವಾರೆ ಮಾಡುವ ದೊಡ್ಡ ಕಲಾವಿದರು. ಬೆಟ್ಟದ ಮುಂದೆ ಅವರ ತಲೆ ಹೆಗಲಿಗೇ ತಗಲಿತು.

"ಎಪ್ಪತ್ತೊಂದನೇ ನಂಬರಿಗೆ ಮೊದಲ ಬಹುಮಾನ! ಏನು ಮುಗ್ಧತೆ! ಬೆಟ್ಟ ಹೇಗಿರುತ್ತೆ ಅನ್ನೋದೇ ಗೊತ್ತಿಲ್ಲದ ಕೈ!"

ಕುಂಚಪ್ಪ ಎರಡೆರಡು ಮೆಟ್ಟಿಲು ಹಾರಿ ವೇದಿಕೆ ಏರಿದ. ಎಂಟು ವರ್ಷ ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿದ.

"ಹತ್ತು ವರ್ಷದೊಳಗಿನ ಮಕ್ಕಳ ವಿಭಾಗ," ಎಂದು ತೀರ್ಪುಗಾರರು ಓದಿ ಮುಗಿಸಿದರು. "ಎಲ್ಲಿ ಸ್ವಾಮಿ, ನಿಮ್ಮ ಮಗು?"

"ಮಗು ಅಲ್ಲ ಸಾರ್... ನಾನೇ ಮಾಡಿದ್ದು."

"ಮಗೂದು ಕಿತ್ಕೊಳ್ಳೋಕೆ ನಾಚ್ಕೆ ಆಗಲ್ವೇನ್ರೀ? ದೊಡ್ಡೋರು ಯಾರಾದ್ರೂ ಇಂಥದ್ದು ಮಾಡ್ತಾರಾ?"

ಸಭೆ ಛೀ ಎಂದಿತು. "ಮೇಷ್ಟ್ರೇ, ನೀವೇ ಹೇಳಿ!" ಎಂದು ಕುಂಚಪ್ಪ ಅಂಗಲಾಚಿದ.

"ಇವನು ಬಿಡಿಸಿದ್ದು ನಾನು ನೋಡಿಲ್ಲ," ಎಂದರು ಸತ್ಯಸಂಧ ಮೇಷ್ಟ್ರು. "ಅಂಟಿಸ್ತಿದ್ದ, ಅಷ್ಟೆ."

ಅವನು ಹೆಂಡತಿಯತ್ತ ತಿರುಗಿದ. ಕೆರೆಯಲ್ಲಿ ತನ್ನ ಕೈಗನ್ನಡಿಯ ಗುರುತು ಹಿಡಿದಿದ್ದ ಆಕೆ, "ಈ ಮನುಷ್ಯ ಯಾರೋ ನಂಗೊತ್ತಿಲ್ಲ," ಎಂದುಬಿಟ್ಟಳು.

ಬಹುಮಾನ ಇನ್ನೇನು ಕಪಾಟು ಸೇರುತ್ತದೆ ಎನ್ನುವಷ್ಟರಲ್ಲಿ ಮಹಡಿ ಮನೆಯಾಕೆ ಮಗಳನ್ನು ಮುಂದೆ ತಳ್ಳಿದಳು. "ಇವಳೇ ಸಾರ್! ಆ ಮರ ಇವಳ್ದೇ!"

"ಹೇಗೆ ಮಾಡಿದೆ ಪುಟ್ಟಿ?"

"ಮನೇಲಿ ಬೇಡದ ನಾರು ಇತ್ತು, ತಗೊಂಡ್ಬಂದೆ."

"ಕೇಳಿದ್ರಾ! ಕಲೆ ಅಂದ್ರೆ ಇಷ್ಟೇ!" ಎಂದು ತೀರ್ಪುಗಾರರು ಗದ್ಗದಿತರಾಗಿ ಬೆಳ್ಳಿಬಣ್ಣದ ಬಹುಮಾನದ ಕಪ್ಪನ್ನು ಮಗುವಿನ ಕೈಗಿತ್ತರು. ಕಚೇರಿಯ ನಾಲ್ವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮನೆಯ ದಾರಿಯಲ್ಲಿ ಹೆಂಡತಿ ಸಣ್ಣ ರೂಮಿನ ಕಿಟಕಿಗೆ ಎಂಥ ಪರದೆ ಹೊಲಿಯಲಿ ಎಂದು ಮೇಷ್ಟ್ರನ್ನು ಕೇಳುತ್ತ ಮುಂದೆ ನಡೆದಳು. ತಲೆತಗ್ಗಿಸಿ ಹಿಂದೆ ಉಳಿದ ಕುಂಚಪ್ಪನನ್ನು ಕಂಡು ಮಹಡಿ ಮನೆಯಾಕೆಗೆ ಕರುಳು ಚುರುಕ್ಕೆಂದಿತು.

"ಬೇಜಾರು ಮಾಡ್ಕೋಬೇಡಿ ಅಣ್ಣ," ಎಂದಳು. "ಮುಂದಿನ ಸಲ ನೀವೂ ಒಂದು ಮಾಡಿ. ಇವಳು ಹೇಳ್ಕೊಡ್ತಾಳೆ."